ಅಫನಾಸಿ ನಿಕಿತಿನ್‌ನ ಕುದುರೆ: ದಖ್ಖನದಲ್ಲಿ ಧರ್ಮ ಮತ್ತು ವ್ಯಾಪಾರ

ಮಧ್ಯಯುಗದ ಕ್ರೈಸ್ತಧರ್ಮ ವ್ಯಾಪಾರಿಯನ್ನು ಸಂಶಯದಿಂದ ಕಂಡಿತು, ಇಸ್ಲಾಂ ಆತನನ್ನು ಗೌರವಿಸಿತು ಎಂಬ ಅಭಿಪ್ರಾಯ ಇತಿಹಾಸದ ಗ್ರಂಥಗಳಲ್ಲಿ ಪದೇ ಪದೇ ಕಾಣಸಿಗುತ್ತದೆ. ಅದಕ್ಕೆ ಆಧಾರಗಳಿಲ್ಲದಿಲ್ಲ. ವ್ಯಾಪಾರಿಯು ದೇವರ ಮೆಚ್ಚುಗೆ ಪಡೆಯುವುದು ದುಸ್ಸಾಧ್ಯವೆಂಬ ವಿಧಿ ಗ್ರೇಶಿಯನ್‌ನ ಚರ್ಚ್ ಕಾನೂನಿನ ಸಂಗ್ರಹದಲ್ಲಿ ಸೇರಿಕೊಂಡಿತು. 1179ರ ಮೂರನೆಯ ಲ್ಯಾಟರನ್ ಧರ್ಮಸಭೆ ಬಡ್ಡಿ ತಿನ್ನುವವರಿಗೆ ಕ್ರೈಸ್ತ ಸಂಸ್ಕಾರದ ಸಮಾಧಿಯನ್ನೇ ನಿರಾಕರಿಸಿತು. ಇತ್ತ ಪ್ರವಾದಿ ಮುಹಮ್ಮದರು ಸ್ವತಃ ವ್ಯಾಪಾರ ಮಾಡಿದವರು, ಕುರ್‌ಆನ್ ‘ರಿಬಾ’ವನ್ನು, ಅಂದರೆ ಬಡ್ಡಿಯನ್ನು, ನಿಷೇಧಿಸಿದರೂ ವ್ಯಾಪಾರವನ್ನು ಸಮ್ಮತಿಸುತ್ತದೆ. ಆದರೆ ಗ್ರಂಥದ ವಿಧಿಯಿಂದ ಸಂತೆಯ ನಡವಳಿಕೆಯನ್ನು ಊಹಿಸಬಾರದೆಂಬುದಕ್ಕೆ 15ನೆಯ ಶತಮಾನದ ದಖ್ಖನವೇ ಸಾಕ್ಷಿಯಾಗಿದ್ದು, ಆ ಸಾಕ್ಷ್ಯ ರಷ್ಯದ ತ್ವೇರ್ ನಗರದ ವರ್ತಕ ಅಫನಾಸಿ ನಿಕಿತಿನ್ ಬರೆದ ‘ಮೂರು ಸಮುದ್ರಗಳಾಚೆಯ ಪಯಣ’ದಲ್ಲಿ ಉಳಿದುಬಂದಿದೆ.

ನಿಕಿತಿನ್ ಆರ್ಥೊಡಾಕ್ಸ್ ಪಂಥದ ಕ್ರೈಸ್ತನಾದುದರಿಂದ ರೋಮಿನ ವಿಧಿಗಳು ಅವನಿಗೆ ಅನ್ವಯಿಸುತ್ತಿರಲಿಲ್ಲ. ಮಾರುವುದಕ್ಕೆಂದು ಒಂದು ಕುದುರೆಯನ್ನು ತಂದು, ಚೌಲ್ ಬಂದರಿನಲ್ಲಿಳಿದು, ಇಂದಿನ ಪುಣೆ ಜಿಲ್ಲೆಯ ಜುನ್ನರ್ ಮಾರ್ಗವಾಗಿ ಅವನು ಬಹಮನಿ ರಾಜಧಾನಿ ಬೀದರಿಗೆ ಬಂದನು. ಅದೇ ಜಿಲ್ಲೆಯಲ್ಲಿ ಹರಿಯುವ ಭೀಮೆಯೇ ಮುಂದೆ ಕಲಬುರಗಿ ಸೀಮೆಯನ್ನು ಹಾಯುವುದನ್ನು ನೆನೆದರೆ, ಜುನ್ನರಿನ ಪ್ರಸಂಗ ಕನ್ನಡ ನಾಡಿನ ಚರಿತ್ರೆಗೆ ಹೊರಗಿನದಲ್ಲವೆಂಬುದು ತಿಳಿಯುತ್ತದೆ.

ಜುನ್ನರಿನ ಅಧಿಕಾರಿ ಅಸದ್ ಖಾನ್, ಬಂದವನು ಮುಸ್ಲಿಮನಲ್ಲವೆಂದು ತಿಳಿದು ಕುದುರೆಯನ್ನು ಕಿತ್ತುಕೊಂಡನು. ಮತಾಂತರಗೊಂಡರೆ ಕುದುರೆಯ ಜೊತೆಗೆ ಸಾವಿರ ಚಿನ್ನದ ನಾಣ್ಯ ಕೊಡುವುದಾಗಿಯೂ, ಇಲ್ಲವಾದರೆ ಕುದುರೆಯನ್ನು ಇಟ್ಟುಕೊಂಡು ಮೇಲೆ ಸಾವಿರ ನಾಣ್ಯ ವಸೂಲು ಮಾಡುವುದಾಗಿಯೂ ಹೇಳಿ ನಾಲ್ಕು ದಿನಗಳ ಗಡುವು ಕೊಟ್ಟನು. ಇಲ್ಲಿ ವ್ಯಾಪಾರವನ್ನು ಯಾರೂ ಹೀನವೆಂದು ಕಾಣಲಿಲ್ಲ, ಆದರೆ ವ್ಯಾಪಾರಿಯ ಧರ್ಮ ಅವನ ಸರಕಿನ ಮೇಲಿನ ಹಕ್ಕನ್ನೇ ಅಲುಗಾಡಿಸಿತು. ಅವನನ್ನು ಪಾರುಮಾಡಿದವನು ಖುರಾಸಾನಿನಿಂದ ಬಂದ ಒಬ್ಬ ಖ್ವಾಜಾ, ಅವನೂ ಮುಸ್ಲಿಮನೇ. ಕೃತಿಯ ಬೆಲೆ ಇರುವುದು ಇಂಥಲ್ಲಿ, ಏಕೆಂದರೆ ಒಂದೇ ಧರ್ಮದ ಇಬ್ಬರು ಒಬ್ಬ ಪರಕೀಯ ವರ್ತಕನ ವಿಷಯದಲ್ಲಿ ಎದುರುಬದುರಾಗಿ ನಡೆದುಕೊಂಡದ್ದನ್ನು ಅದು ಮುಚ್ಚಿಡದೆ ಹೇಳುತ್ತದೆ. ಮುಸ್ಲಿಮರಿಗಿಲ್ಲದ ಸುಂಕ ತನ್ನಂಥವರ ಮೇಲೆ ಬೀಳುತ್ತದೆ, ತನ್ನ ನಾಡಿಗೆ ಒಯ್ಯಬಹುದಾದ ಸರಕು ಇಲ್ಲಿಲ್ಲ ಎಂಬ ಅವನ ದೂರುಗಳಲ್ಲೂ ಧರ್ಮ ಕೈಗೆ ಹತ್ತುವ ಲಾಭನಷ್ಟವಾಗಿಯೇ ಕಾಣುತ್ತದೆ.

ಅದೇ ಕಾಲದಲ್ಲಿ ಬೀದರಿನ ಆಡಳಿತವನ್ನು ನಡೆಸುತ್ತಿದ್ದವನು ಮಹಮೂದ್ ಗವಾನ್. ಇರಾನಿನ ಗಿಲಾನಿನಿಂದ ವ್ಯಾಪಾರಿಯಾಗಿ ಬಂದು ‘ಮಲಿಕ್-ಉತ್-ತುಜ್ಜಾರ್’, ಎಂದರೆ ವರ್ತಕರ ಒಡೆಯ, ಎಂಬ ಬಿರುದನ್ನು ಪಡೆದವನು. ಈ ಬಿರುದಿನಿಂದಲೇ ಇಸ್ಲಾಂ ವ್ಯಾಪಾರವನ್ನು ಗೌರವಿಸಿತೆಂದು ತೀರ್ಮಾನಿಸುವುದು ಆತುರವಾದೀತು. ಹಿಂದಿನ ಬಹಮನಿ ಸುಲ್ತಾನ ಅಹ್ಮದ್ ಶಾಹನ ಕಾಲದಲ್ಲೇ ಖಲಫ್ ಹಸನ್ ಬಸ್ರಿ ಎಂಬವನಿಗೆ ಸಂದಿದ್ದ ಅದು ಸೈನ್ಯವನ್ನು ನಡೆಸುವ ದರ್ಬಾರಿನ ಪದವಿಯೂ ಆಗಿತ್ತು. ಆದರೂ ಮಂತ್ರಿಯಾದ ಮೇಲೆಯೂ ಗವಾನ್ ವ್ಯಾಪಾರವನ್ನು ಬಿಡಲಿಲ್ಲ, ಅವನ ಗುಮಾಸ್ತರು ಒಟ್ಟೊಮನ್ ನಗರ ಬುರ್ಸಾದಲ್ಲಿ ಹಿಂದೂಸ್ತಾನದ ಬಟ್ಟೆ ಮಾರಿದ್ದು ಅಲ್ಲಿನ ನ್ಯಾಯಾಲಯದ ದಾಖಲೆಗಳಲ್ಲಿದೆ. 1472ರಲ್ಲಿ ಮದರಸಾ ಕಟ್ಟಿಸಿದವನೂ ಅವನೇ. ವಿದ್ಯೆ, ಅಧಿಕಾರ, ವ್ಯಾಪಾರ ಮೂರೂ ಒಬ್ಬನಲ್ಲಿ ನಾಚಿಕೆಯಿಲ್ಲದೆ ಕೂಡಿದ್ದವು ಎಂಬುದು ನಿಜಕ್ಕೂ ದೊಡ್ಡ ಸಂಗತಿ. 1481ರಲ್ಲಿ ನಕಲಿ ಪತ್ರವೊಂದರ ಆರೋಪದ ಮೇಲೆ ಅವನಿಗಾದ ಮರಣದಂಡನೆಗೆ ಕಾರಣ ದಖನಿಗಳು ಮತ್ತು ಹೊರನಾಡಿನಿಂದ ಬಂದ ಅಫಾಕಿಗಳ ನಡುವಿನ ಬಣಜಗಳವೇ ಹೊರತು ವ್ಯಾಪಾರದ ಬಗೆಗಿನ ತಿರಸ್ಕಾರವಲ್ಲ.

ಕಲಬುರಗಿ ಸೀಮೆಯ ಆಳಂದದಲ್ಲಿ ಶೇಖ್ ಅಲಾವುದ್ದೀನರ ಸ್ಮರಣೆಗೆ ಹತ್ತು ದಿನ ನಡೆಯುತ್ತಿದ್ದ ಜಾತ್ರೆಗೆ ಇಪ್ಪತ್ತು ಸಾವಿರದಷ್ಟು ಕುದುರೆಗಳು ಬರುತ್ತಿದ್ದವೆಂದು ನಿಕಿತಿನ್ ಬರೆಯುತ್ತಾನೆ. ಸಂಖ್ಯೆ ಉತ್ಪ್ರೇಕ್ಷೆಯಿರಬಹುದು. ಸಂತನ ಗೋರಿ ಮತ್ತು ಸಂತೆ ಒಂದೆಡೆ ಸೇರಿದ್ದರಲ್ಲಿ ಆ ಕಾಲದವರಿಗೆ ಯಾವ ವಿರೋಧವೂ ಕಂಡಂತಿಲ್ಲ. ಆದರೆ ಈ ಜಾತ್ರೆಯಲ್ಲಿ ಕೊಳ್ಳುತ್ತ ಮಾರುತ್ತ ಇದ್ದ ಕನ್ನಡದ ಬಣಜಿಗರು, ಸೆಟ್ಟಿಗಳು ಅವನ ಬರಹದಲ್ಲಿ ಬಿಡಿಯಾಗಿ ಕಾಣುವುದಿಲ್ಲ; ತಾನು ಕ್ರೈಸ್ತನೆಂದು ತಿಳಿಸಿದ ಮೇಲೆ ಹಿಂದೂಗಳು ತನ್ನಿಂದ ಏನನ್ನೂ ಮರೆಮಾಡಲಿಲ್ಲವೆಂದು ಹೇಳುವ ಅವನು, ಅವರ ಊಟ, ಪೂಜೆಗಳನ್ನು ವಿವರವಾಗಿ ಬರೆದರೂ, ಅವರು ಯಾವ ನಂಬಿಕೆಯ ಮೇಲೆ ಸಾಲ ಕೊಡುತ್ತಿದ್ದರು, ಮುಸ್ಲಿಮ್ ವರ್ತಕರೊಂದಿಗೆ ಹೇಗೆ ಲೆಕ್ಕ ಇತ್ಯರ್ಥಪಡಿಸುತ್ತಿದ್ದರು ಎಂಬುದನ್ನು ಕೇಳಲಿಲ್ಲ.