ಬಾಗಿಲಾಚೆಯ ದನಿ

ಜೋಂಬಿ ಕತೆ ಎಂದರೆ ನಮ್ಮಲ್ಲಿ ಅನೇಕರು ಮೂಗು ಮುರಿಯುತ್ತಾರೆ. ಸತ್ತವರು ಎದ್ದು ಬಂದು ಬದುಕಿರುವವರನ್ನು ಕಚ್ಚುವುದು, ಕಚ್ಚಿಸಿಕೊಂಡವರೂ ಹಾಗೆಯೇ ಆಗುವುದು, ಇದರಲ್ಲಿ ಕೇಳುವಂಥದ್ದೇನಿದೆ? ನಾವೂ ಹಾಗೆಯೇ ಅಂದುಕೊಂಡಿದ್ದೆವು. ‘ವೀ ಆರ್ ಅಲೈವ್’ ಎಂಬ ಇಂಗ್ಲಿಷ್ ಧ್ವನಿ ನಾಟಕವನ್ನು ಕೇಳಿದ ಮೇಲೆ ಆ ಮಾತನ್ನು ಹಿಂದಕ್ಕೆ ಪಡೆಯಬೇಕಾಯಿತು.

ಅಮೆರಿಕದ ಕೆ.ಸಿ. ವೇಲ್ಯಾಂಡ್ ರೂಪಿಸಿದ ಈ ಧಾರಾವಾಹಿ 2009ರಿಂದ 2014ರ ವರೆಗೆ ನಾಲ್ಕು ಸರಣಿಗಳಾಗಿ, 48 ಅಧ್ಯಾಯಗಳಲ್ಲಿ ಅಂತರ್ಜಾಲದ ಮೂಲಕ ಬಂತು. ವೇಲ್ಯಾಂಡ್ ಸೈನಿಕನಾಗಿ ಇರಾಕಿಗೆ ಹೋಗಿ ಬಂದವರು. ಲಾಸ್ ಏಂಜಲಿಸ್‌ನಲ್ಲಿ ಗಲಭೆ ಎದ್ದಿದೆಯೆಂದು ಮೀಸಲು ಪಡೆಯ ಸೈನಿಕ ಮೈಕೆಲ್‌ಗೆ ಕರೆ ಬರುವಲ್ಲಿಂದ ಕತೆ ಆರಂಭ. ಅದು ಗಲಭೆಯಲ್ಲವೆಂದು ತಿಳಿಯುವಷ್ಟರಲ್ಲಿ ನಗರವೇ ಕೈತಪ್ಪಿರುತ್ತದೆ. ಅಳಿದುಳಿದವರು ಎತ್ತರದ ವಸತಿ ಕಟ್ಟಡವೊಂದನ್ನು ಸೇರಿ ಬದುಕಲು ಹೆಣಗುತ್ತಾರೆ.

ನಾಟಕವನ್ನು ಕಿವಿಯಿಂದ ನೋಡುವುದು ನಮಗೆ ಹೊಸತಲ್ಲ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಆಕಾಶವಾಣಿ, ಶ್ರೀರಂಗಪಟ್ಟಣ, ಪಾಂಡವಪುರದ ಮನೆಗಳಿಗೂ ಈ ಅಭ್ಯಾಸವನ್ನು ಕಲಿಸಿತು. ಇಲ್ಲಿಯೂ ರಕ್ತ ಕಣ್ಣಿಗೆ ಬೀಳುವುದಿಲ್ಲ. ಮೆಟ್ಟಿಲ ಮೇಲಿನ ಹೆಜ್ಜೆ, ಬಾಗಿಲ ಸದ್ದು, ಯಾರದೋ ಏದುಸಿರು. ಉಳಿದುದನ್ನು ಕೇಳುಗನ ಮನಸ್ಸೇ ಕಟ್ಟಿಕೊಳ್ಳಬೇಕು.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಜೋಂಬಿಗಳಲ್ಲ, ಬಾಗಿಲು. ಹೊರಗೆ ನಿಂತವರನ್ನು ಒಳಗೆ ಬಿಡಬೇಕೇ ಬೇಡವೇ ಎಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಬಿಟ್ಟರೆ ಒಳಗಿನವರಿಗೆ ಅಪಾಯ. ಬಿಡದಿದ್ದರೆ ಒಳಗಿರುವವರು ಮನುಷ್ಯರಾಗಿ ಉಳಿಯುತ್ತಾರೆಯೇ?

ಈ ಪ್ರಶ್ನೆ ನಮ್ಮ ಸೀಮೆಗೂ ಬಂದಿತ್ತು. 2020ರ ಮೇ ತಿಂಗಳಲ್ಲಿ ಮಂಡ್ಯ ಜಿಲ್ಲೆಯಲ್ಲಿ ಕೊರೋನಾ ಸೋಂಕು ಏರಿದಾಗ, ಸೋಂಕಿತರಲ್ಲಿ ಬಹಳಷ್ಟು ಮಂದಿ ಮುಂಬಯಿಯಿಂದ ಮರಳಿದವರು. ಕೆ.ಆರ್. ಪೇಟೆ, ನಾಗಮಂಗಲ ಕಡೆಯಿಂದ ಹೊಟ್ಟೆಪಾಡಿಗೆ ಹೋದವರು, ದುಡಿಮೆ ನಿಂತಾಗ ತಮ್ಮ ಊರಿಗೇ ಬಂದರು. ‘ಬಾಂಬೆಯವರು’ ಎಂಬ ಪದವೇ ಆಗ ಭಯದ ಹೆಸರಾಯಿತು. ನಾಡಿನ ಎಷ್ಟೋ ಹಳ್ಳಿಗಳು ದಾರಿಗೆ ಮುಳ್ಳು ಎಳೆದಿದ್ದವು. ಅದಕ್ಕೂ ಮುಂಚೆ, ಏಪ್ರಿಲ್‌ನಲ್ಲಿ, ರೋಗಕ್ಕೆ ಒಂದು ಸಮುದಾಯದ ಹೆಸರನ್ನೇ ಅಂಟಿಸಲಾಗಿತ್ತು. ತಳ್ಳುಗಾಡಿಯವನ ಹೆಸರು ಕೇಳಿ ತರಕಾರಿ ಕೊಳ್ಳುವವರಿದ್ದರು. ರೋಗ ಸುಳ್ಳಲ್ಲ, ಹೆದರಿಕೆಯೂ ಸುಳ್ಳಲ್ಲ. ಆದರೆ ರೋಗಕ್ಕೆ ಅಡ್ಡ ನಿಲ್ಲುವುದು ಬೇರೆ, ಮನುಷ್ಯನಿಗೆ ಬಾಗಿಲು ಹಾಕುವುದು ಬೇರೆ. ಈ ಗೆರೆ ಎಷ್ಟು ಸುಲಭವಾಗಿ ಅಳಿಸಿಹೋಗುತ್ತದೆ ಎಂಬುದನ್ನು ಈ ನಾಟಕ ಉಪದೇಶವಿಲ್ಲದೆ ಕೇಳಿಸುತ್ತದೆ. ಮಾಲ್ ಒಂದನ್ನು ಹಿಡಿದು ಕುಳಿತ ಕೈದಿಗಳ ಗುಂಪು ಜೋಂಬಿಗಳಿಗಿಂತ ಭಯಂಕರವಾಗಿ ಕಾಣುವುದು ಇದೇ ಕಾರಣಕ್ಕೆ.

ಕೊರತೆಗಳೂ ಇವೆ. ಸಮಸ್ಯೆಗಳಿಗೆಲ್ಲ ಬಂದೂಕೇ ಉತ್ತರವೆಂಬ ಅಮೆರಿಕದ ನಂಬಿಕೆ ಇಲ್ಲಿ ಧಾರಾಳವಾಗಿದೆ. ಗುಂಡಿನ ಸದ್ದು ಹೆಚ್ಚಾದಾಗ ಮಾತು ಮುಳುಗುತ್ತದೆ. ಸೈನ್ಯದ ಪದಗಳು, ವೇಗದ ಇಂಗ್ಲಿಷು, ಹತ್ತಾರು ದನಿಗಳು ಹೊಸ ಕೇಳುಗನನ್ನು ತಬ್ಬಿಬ್ಬು ಮಾಡಬಹುದು.

ಆದ್ದರಿಂದ ಹೊಸಬರಿಗೆ ನಮ್ಮ ಸಲಹೆ ಇಷ್ಟು: ನಡುವೆ ಎಲ್ಲಿಂದಲೋ ಹಿಡಿಯಬೇಡಿ, ಮೊದಲ ಅಧ್ಯಾಯದಿಂದಲೇ ಶುರುಮಾಡಿ. ಮೂರು ಅಧ್ಯಾಯ ಮುಗಿಯುವವರೆಗೆ ತೀರ್ಪು ಕೊಡಬೇಡಿ. ಅಷ್ಟರಲ್ಲಿ ದನಿಗಳು ಪರಿಚಯವಾಗುತ್ತವೆ. ಚಿಕ್ಕ ಮಕ್ಕಳ ಮುಂದೆ ಹಾಕಬೇಡಿ. ಕೆ.ಆರ್. ಪೇಟೆಯಿಂದ ಮೈಸೂರಿಗೆ ಹೋಗುವ ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಕೇಳಿ. ಇಳಿಯುವಾಗ ಪಕ್ಕದ ಸೀಟಿನ ಅಪರಿಚಿತನನ್ನು ಒಮ್ಮೆ ನೋಡಿ. ಅಂಥ ದಿನ ಬಂದರೆ ಇವನಿಗೆ ಬಾಗಿಲು ತೆರೆಯುತ್ತೇವೆಯೇ ಎಂಬ ಪ್ರಶ್ನೆ ನಿಮ್ಮೊಳಗೆ ಎದ್ದರೆ, ನಾಟಕ ತನ್ನ ಕೆಲಸ ಮಾಡಿದೆ.