ವಾಲುವುದು ಗೋಡೆಯೋ, ಲೆನ್ಸೋ?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಅಲ್ಲಲ್ಲಿ ಉಳಿದಿರುವ ಹುಡೆಗಳನ್ನು, ಅಂದರೆ ಕಾವಲು ಬುರುಜುಗಳನ್ನು, ಕಟ್ಟಿದವರು ಬುಡವನ್ನು ಅಗಲವಾಗಿಟ್ಟು, ಮೇಲೇರಿದಂತೆ ಗೋಡೆಯನ್ನು ಒಳಕ್ಕೆ ವಾಲಿಸಿದ್ದಾರೆ. ಆ ವಾಲೇ ಕಟ್ಟಡದ ಬಲ. ಇಕ್ಕಟ್ಟಿನ ಓಣಿಯಲ್ಲಿ ನಿಂತು ಕ್ಯಾಮೆರಾವನ್ನು ಮೇಲಕ್ಕೆತ್ತಿ ಚಿತ್ರ ತೆಗೆದರೆ ಅದಕ್ಕೆ ಇನ್ನೊಂದು ವಾಲು ಸೇರಿಕೊಳ್ಳುತ್ತದೆ. ಗೌಂಡಿ ಕೊಟ್ಟದ್ದೆಷ್ಟು, ಕ್ಯಾಮೆರಾ ಸೇರಿಸಿದ್ದೆಷ್ಟು ಎಂದು ಚಿತ್ರ ನೋಡಿದವರು ಬಿಡಿಸಿ ಹೇಳಲಾರರು. ದುರಸ್ತಿಗೂ ಇತಿಹಾಸಕ್ಕೂ ಬೇಕಾಗುವ ಚಿತ್ರದಲ್ಲಿ ಈ ಗೊಂದಲ ಸಣ್ಣದಲ್ಲ. ಟಿಲ್ಟ್-ಶಿಫ್ಟ್ ಲೆನ್ಸಿಗೆ ನಮ್ಮ ಸೀಮೆಯಲ್ಲಿ ಕೆಲಸವಿರುವುದು ಇಲ್ಲೇ.

ಇದರಲ್ಲಿ ಕ್ಯಾಮೆರಾ ನೆಟ್ಟಗೇ ಇರುತ್ತದೆ, ಲೆನ್ಸ್ ಮಾತ್ರ ಮೇಲಕ್ಕೆ ಸರಿಯುತ್ತದೆ. ಮರದ ಚೌಕಟ್ಟಿನ ಹಳೆಯ ದೊಡ್ಡ ಕ್ಯಾಮೆರಾಗಳಿಗೆ ಈ ವಿದ್ಯೆ ಗೊತ್ತಿತ್ತು. 35 ಮಿ.ಮೀ. ಕ್ಯಾಮೆರಾಗೆ ಸರಿಯುವ ಲೆನ್ಸನ್ನು ನಿಕಾನ್ ತಂದದ್ದು 1962ರಲ್ಲಿ. ಸರಿಯುವುದರ (ಶಿಫ್ಟ್) ಜೊತೆಗೆ ಓರೆಯಾಗುವುದನ್ನೂ (ಟಿಲ್ಟ್) ಕ್ಯಾನನ್ ಸೇರಿಸಿದ್ದು 1973ರಲ್ಲಿ.

ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಿಕೊಂಡರಾಯಿತಲ್ಲ ಎನ್ನುವವರು ಬಹಳ. ಲೆಕ್ಕ ಹಾಕಿ ನೋಡೋಣ. ಫುಲ್ ಫ್ರೇಮ್ ಕ್ಯಾಮೆರಾವನ್ನು ಉದ್ದುದ್ದ ಹಿಡಿದು 24 ಮಿ.ಮೀ. ಲೆನ್ಸನ್ನು 12 ಮಿ.ಮೀ. ಮೇಲೆ ಸರಿಸಿದರೆ, ಹತ್ತು ಮೀಟರ್ ದೂರದಿಂದ ಕ್ಯಾಮೆರಾ ಮಟ್ಟಕ್ಕಿಂತ ಹನ್ನೆರಡೂವರೆ ಮೀಟರ್ ಎತ್ತರದವರೆಗೆ ಸಿಗುತ್ತದೆ, ಸರಿಸದಿದ್ದರೆ ಏಳೂವರೆಯೇ. ಅದೇ ಎತ್ತರವನ್ನು ಮಾಮೂಲಿ 24ರಲ್ಲಿ ಹಿಡಿಯಲು ಕ್ಯಾಮೆರಾವನ್ನು ಹದಿನಾಲ್ಕೂವರೆ ಡಿಗ್ರಿ ಎತ್ತಬೇಕು. ಆಮೇಲೆ ಕಂಪ್ಯೂಟರ್ ಚಿತ್ರದ ತುದಿಯನ್ನು ಬುಡಕ್ಕಿಂತ ಅಗಲದಲ್ಲಿ ಒಂದೂವರೆ ಪಟ್ಟು, ಎತ್ತರದಲ್ಲಿ ಎರಡು ಪಟ್ಟಿಗೂ ಮಿಗಿಲು ಎಳೆಯಬೇಕಾಗುತ್ತದೆ. ಕಲ್ಲಿನ ಸಂದು, ಗಾರೆಯ ಬಿರುಕು ಎಲ್ಲಿ ಸ್ಪಷ್ಟ ಕಾಣಬೇಕೋ ಅಲ್ಲೇ ವಿವರ ತೆಳ್ಳಗಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ತಾನಾಗಿ ನೆಟ್ಟಗೆ ಮಾಡುವ ಸಾಫ್ಟ್‌ವೇರು ಗೋಡೆಯ ಅಂಚೇ ನೇರವೆಂದು ಊಹಿಸಿ, ಹುಡೆಯ ನಿಜವಾದ ವಾಲನ್ನೂ ಅಳಿಸಿಬಿಡಬಹುದು. ರಥೋತ್ಸವದ ಚಿತ್ರಕ್ಕೆ ಮಾತ್ರ ನಾನು ಸಾಫ್ಟ್‌ವೇರನ್ನೇ ಒಪ್ಪುತ್ತೇನೆ. ತೇರು ಎಳೆಯುವ ನೂಕುನುಗ್ಗಲಿನಲ್ಲಿ ಕೈಯಿಂದ ಫೋಕಸ್ ಮಾಡುವ ಲೆನ್ಸ್ ಹಿಡಿದು ನಿಲ್ಲುವುದು ಆಗದ ಮಾತು.

ಯಾವ ಅಳತೆಯದು ಕೊಳ್ಳಬೇಕು? ನನ್ನ ಮಟ್ಟಿಗೆ 24. ಕ್ಯಾನನ್‌ನ 17, ನಿಕಾನ್‌ನ 19 ಹೆಚ್ಚು ಅಗಲ ನೋಡುತ್ತವೆ. ಆದರೆ ಬಯಲು ಸೀಮೆಯ ಒಂಟಿ ಹುಡೆ, ವಾಡೆಯ ಬಾಗಿಲುಗಳನ್ನು ಅವು ಚಿಕ್ಕದಾಗಿಸಿ ಮುಂದಿನ ನೆಲವನ್ನು ದೊಡ್ಡದು ಮಾಡುತ್ತವೆ. 17ರ ಉಬ್ಬುಗಾಜಿಗೆ ಮಾಮೂಲಿ ಫಿಲ್ಟರೂ ಕೂರುವುದಿಲ್ಲ. ಕಲಬುರಗಿ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಾ ಮಸೀದಿಯಂಥ, ತೆರೆದ ಅಂಗಳವೇ ಇಲ್ಲದೆ ಇಡೀ ಮುಚ್ಚಿದ ಕಟ್ಟಡದ ಒಳಗೆ ಕೆಲಸವಿದ್ದವರಿಗೆ ಅವು ಬೇಕು. ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾ ಇದ್ದವರಿಗೂ 17 ಸರಿ, ಅಲ್ಲಿ 24 ಹೆಚ್ಚುಕಡಿಮೆ 36 ಆಗಿಬಿಡುತ್ತದೆ.

ಇನ್ನು ಟಿಲ್ಟ್. ಬುಡದಿಂದ ಬಾನಂಚಿನವರೆಗೆ ಎಲ್ಲವೂ ಸ್ಪಷ್ಟ ಎಂಬ ಆಸೆ ತೋರಿಸಿ ಮಾರುತ್ತಾರೆ. ಜೇವರ್ಗಿಯ ಎರೆಹೊಲದಲ್ಲಿ ತೊಗರಿ ಸಾಲಿನ ಮುಂದೆ 24 ಮಿ.ಮೀ. ಲೆನ್ಸನ್ನು ಒಂದೂವರೆ ಮೀಟರ್ ಎತ್ತರದಲ್ಲಿಟ್ಟರೆ, ಸ್ಪಷ್ಟತೆಯ ಪಾತಳಿಯನ್ನು ನೆಲದ ಮೇಲೆ ಮಲಗಿಸಲು ಬೇಕಾದ ಟಿಲ್ಟ್ ಒಂದು ಡಿಗ್ರಿಗಿಂತ ಕಡಿಮೆ. ಅದೂ ಬೇಡ: ಎಫ್/11ರಲ್ಲಿ ಸುಮಾರು ಒಂದೂಮುಕ್ಕಾಲು ಮೀಟರಿಗೆ ಫೋಕಸ್ ಮಾಡಿದರೆ ಒಂದು ಮೀಟರಿನ ಒಳಗಿನಿಂದಲೇ ದಿಗಂತದವರೆಗೆ ಒಪ್ಪುವಷ್ಟು ಸ್ಪಷ್ಟವಾಗಿರುತ್ತದೆ. ಹಾಗಾಗಿ ಅಗಲ ಲೆನ್ಸಿನಲ್ಲಿ ಟಿಲ್ಟಿಗೆಂದು ದುಡ್ಡು ಸುರಿಯುವುದು ದಂಡ. ಶಿಫ್ಟ್ ಮಾತ್ರ ಇರುವ ಲಾವಾ 20 ಮಿ.ಮೀ. ಸಾಕು. ಟಿಲ್ಟಿನ ನಿಜವಾದ ಬೆಲೆ ತಿಳಿಯುವುದು 85, 90 ಮಿ.ಮೀ. ಲೆನ್ಸುಗಳಲ್ಲಿ. ಗುಡಿಯ ಗೋಡೆಗೆ ಒರಗಿಸಿದ ವೀರಗಲ್ಲು, ಶಾಸನಕಲ್ಲುಗಳ ಎದುರು ನೇರ ನಿಲ್ಲಲು ಜಾಗ ಇರುವುದಿಲ್ಲ. ಓರೆಯಿಂದಲೇ ತೆಗೆದರೂ ಮೊದಲ ಸಾಲಿನಿಂದ ಕಡೆಯ ಸಾಲಿನವರೆಗೆ ಅಕ್ಷರ ಮಸುಕಾಗದಂತೆ ಅವು ಹಿಡಿಯುತ್ತವೆ. ಶಾಸನ ಓದುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಟಿಲ್ಟನ್ನು ತಿರುವುಮುರುವಾಗಿ ಬಳಸಿ, ಎತ್ತರದಿಂದ ತೆಗೆದ ಜನಜಂಗುಳಿಯನ್ನು ಗೊಂಬೆಗಳಂತೆ ತೋರಿಸುವ ಚಾಳಿ ನನಗೆ ಒಪ್ಪಿಗೆಯಿಲ್ಲ. ಭೀಮಾ-ಅಮರ್ಜಾ ಸಂಗಮದಲ್ಲಿ ಮಿಂದು ಗಾಣಗಾಪುರದ ದತ್ತನ ಪಾದುಕೆಗೆ ನಡೆಯುವವರು ಹರಕೆ ಹೊತ್ತು ಬಂದವರು, ಆಟಿಕೆಗಳಲ್ಲ. ಆ ಚಿತ್ರದಲ್ಲಿ ಉಳಿಯುವುದು ಛಾಯಾಗ್ರಾಹಕನ ಕೈಚಳಕ ಮಾತ್ರ, ಬಂದವರ ಮುಖ ಉಳಿಯುವುದಿಲ್ಲ.

ಕ್ಯಾನನ್, ನಿಕಾನ್‌ಗಳ ಹೊಸ ಲೆನ್ಸ್ ಲಕ್ಷ ದಾಟುತ್ತದೆ. ಮಿರರ್‌ಲೆಸ್ ಇದ್ದವರು ಡಿಎಸ್ಎಲ್ಆರ್ ಕಾಲದ ಹಳೆಯದನ್ನು ಕೊಂಡು ಅಡಾಪ್ಟರಿನಲ್ಲಿ ಕೂರಿಸುವುದೇ ಜಾಣತನ. ಆಟೋಫೋಕಸ್ ಮೊದಲೇ ಇಲ್ಲದ ಕಾರಣ ಕಳೆದುಕೊಳ್ಳುವುದು ಏನೂ ಇಲ್ಲ. ಕ್ಯಾನನ್ 24ರಲ್ಲಿ 2009ರ ಎರಡನೇ ಆವೃತ್ತಿಯನ್ನೇ ಹುಡುಕಿ. ಟಿಲ್ಟ್ ಮತ್ತು ಶಿಫ್ಟನ್ನು ಬೇರೆಬೇರೆ ದಿಕ್ಕಿಗೆ ತಿರುಗಿಸಿಕೊಳ್ಳುವ ಅನುಕೂಲ ಅದರಲ್ಲಿದೆ. ಕೊಳ್ಳುವ ಮೊದಲು ಪೂರ್ತಿ ಸರಿಸಿ, ಕ್ಯಾಮೆರಾವನ್ನು ಉದ್ದುದ್ದ ತಿರುಗಿಸಿ, ತಿರುಪು ಬಿಗಿದು ನೋಡಿ. ಗಾಜಿನ ಭಾರಕ್ಕೆ ತಾನಾಗಿ ಜಾರುತ್ತಿದ್ದರೆ ಬಿಡಿ. ಸರಿಯುವ ಸಂದುಗಳಲ್ಲಿ ಮಣ್ಣು ಕರಕರ ಎನ್ನುತ್ತಿದ್ದರೂ ಬಿಡಿ; ನಮ್ಮ ಎರೆಧೂಳು ಅದಕ್ಕೆ ಇನ್ನಷ್ಟು ಸೇರುತ್ತದೆ.