ಎಲೆ ತೆಗೆದ ಮೇಲೆ ಕಂಡದ್ದು

ಫ್ಲಾರೆನ್ಸ್‌ನಲ್ಲಿ ಆರ್ನೋ ನದಿಯ ದಕ್ಷಿಣಕ್ಕೆ ಸಾಂತಾ ಮರಿಯಾ ದೆಲ್ ಕಾರ್ಮಿನೆ ಎಂಬ ಚರ್ಚ್ ಇದೆ. ಮುಂಗೋಡೆಗೆ ಅಲಂಕಾರವೇ ಇಲ್ಲ, ಒರಟು ಕಲ್ಲು ಹಾಗೇ ಕಾಣುತ್ತದೆ. 1268ರಲ್ಲಿ ಶುರುವಾದ ಈ ಚರ್ಚಿನ ಬಹುಭಾಗ 1771ರ ಬೆಂಕಿಯಲ್ಲಿ ಹೋಯಿತು. ಬ್ರಂಕಾಚಿ ಚಾಪೆಲ್ ಮಾತ್ರ ಅದೃಷ್ಟದಿಂದ ಉಳಿಯಿತು. ನಾನು ಹೋಗಿದ್ದು ಅಲ್ಲಿನ ಒಂದು ಭಿತ್ತಿಚಿತ್ರಕ್ಕಾಗಿ.

1420ರ ದಶಕದಲ್ಲಿ ಮಸೊಲೀನೊ ಮತ್ತು ಮಸಾಚೊ ಇಲ್ಲಿ ಜೊತೆಯಾಗಿ ಕೆಲಸ ಮಾಡಿದರು. ಮಸೊಲೀನೊ ಬರೆದ ಆದಾಮ, ಹವ್ವ ಹಣ್ಣು ತಿನ್ನುವ ಮೊದಲು ಫೋಟೊಗೆ ನಿಂತವರಂತೆ ತಣ್ಣಗಿದ್ದಾರೆ. ಎದುರು ಬದಿಯಲ್ಲಿ ಮಸಾಚೊ ಬರೆದವರು ತೋಟದಿಂದ ಹೊರಬಿದ್ದು ನಡೆಯುತ್ತಿದ್ದಾರೆ. ಕಾಲು ನೆಲಕ್ಕೆ ಊರಿದೆ, ನೆರಳು ಬಿದ್ದಿದೆ. ಹವ್ವ ಕೈಗಳಿಂದ ಮೈ ಮುಚ್ಚಿಕೊಂಡು, ಮುಖವೆತ್ತಿ ಬಾಯಿ ತೆರೆದು ಅಳುತ್ತಾಳೆ. ಆದಾಮ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದಾನೆ. ಮೈ ಬೆತ್ತಲೆಯಾಗಿರುವುದು ಅವನ ಗಮನದಲ್ಲೇ ಇಲ್ಲ.

1680ರ ಸುಮಾರಿಗೆ ಯಾರಿಗೋ ಇದು ಸರಿ ಕಾಣಲಿಲ್ಲ. ಇಬ್ಬರ ಸೊಂಟಕ್ಕೂ ಎಲೆ ಬರೆಸಿದರು. 1980ರ ದಶಕದ ಜೀರ್ಣೋದ್ಧಾರದಲ್ಲಿ ಅವನ್ನು ತೆಗೆದರು. ಎಲೆಯೂ ಚರ್ಚಿನ ಇತಿಹಾಸವೇ, ಉಳಿಸಬೇಕಿತ್ತು ಎನ್ನುವ ವಾದವನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಆದರೂ ತೆಗೆದದ್ದೇ ಸರಿ ಎನ್ನುತ್ತೇನೆ. ನಾಚಿಕೆ ಮೀರಿದ ದುಃಖ ಯಾವುದು ಎಂಬುದನ್ನು ಆದಾಮನ ಕೈಗಳು ಹೇಳುತ್ತವೆ. ಅವನು ಮುಚ್ಚಿಕೊಳ್ಳದೆ ಬಿಟ್ಟದ್ದನ್ನು ಬೇರೆಯವರು ಮುಚ್ಚಿದರೆ ಆ ಮಾತೇ ಅಳಿಸಿಹೋಗುತ್ತದೆ. ಹಳೆಯ ಫೋಟೊಗಳಲ್ಲಿ ಎಲೆ ಇದೆ, ಇತಿಹಾಸಕ್ಕೆ ಅಷ್ಟು ಸಾಕು.

ಇದನ್ನು ಮಾಡಿಸಿದವರ ಕಥೆಯೂ ಹೊರಬಿದ್ದವರದೇ. ರೇಷ್ಮೆ ವ್ಯಾಪಾರಿ ಫೆಲಿಚೆ ಬ್ರಂಕಾಚಿ ಮೆಡಿಚಿಗಳ ವಿರೋಧ ಕಟ್ಟಿಕೊಂಡು 1430ರ ದಶಕದಲ್ಲಿ ಗಡೀಪಾರಾದ. ಮಸಾಚೊ ಕೆಲಸ ಅರ್ಧಕ್ಕೆ ಬಿಟ್ಟು ರೋಮಿಗೆ ಹೋಗಿ, 1428ರಲ್ಲಿ, ಇಪ್ಪತ್ತಾರರ ಹರೆಯದಲ್ಲೇ ತೀರಿಕೊಂಡ. ಉಳಿದದ್ದನ್ನು 1480ರ ದಶಕದಲ್ಲಿ ಫಿಲಿಪ್ಪೀನೊ ಲಿಪ್ಪಿ ಮುಗಿಸಿದ.

ನಮ್ಮನ್ನು ಯಾರೂ ಊರಿಂದ ಅಟ್ಟಿಲ್ಲ, ಸಂಬಳಕ್ಕಾಗಿ ನಾವೇ ಬಂದವರು. ಆದಾಮನಿಗೆ ಹೋಲಿಸಿಕೊಂಡರೆ ಅತಿಯಾದೀತು. ಆದರೆ ಮೊದಲ ಸಲ ಪುಣೆಗೆ ಹೊರಟ ರಾತ್ರಿ, ರೈಲಿನ ಮೇಲಿನ ಬರ್ತಿನಲ್ಲಿ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಮಲಗಿದ್ದೆ. ಕೆಳಗೆ ಯಾರೋ ಲೈಟ್ ಆರಿಸಲೇ ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಆ ಗೋಡೆಯ ಮುಂದೆ ನಿಂತಾಗ ಅದು ನೆನಪಾಯಿತು.